ಅಪ್ಪ ಬೇಕೋ, ಅಮ್ಮ ಬೇಕೋ?

ಮನೆಗೆ ಬಂದ ನೆಂಟರು ಪುಟ್ಟ ಮಕ್ಕಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಕೇಳುವ ಹಳೆಯ ಪ್ರಶ್ನೆಯೊಂದಿದೆ: ‘ನಿಂಗೆ ಅಪ್ಪ ಇಷ್ಟವೋ, ಅಮ್ಮ ಇಷ್ಟವೋ?’ ಮಗು ಒಮ್ಮೆ ಅಪ್ಪನ ಮುಖ ನೋಡುತ್ತದೆ, ಒಮ್ಮೆ ಅಮ್ಮನ ಮುಖ ನೋಡುತ್ತದೆ. ಸ್ವಲ್ಪ ಜಾಣ ಮಗುವಾದರೆ ‘ಇಬ್ರೂ’ ಎನ್ನುತ್ತದೆ. ಎಲ್ಲರೂ ನಗುತ್ತಾರೆ. ಅದೇ ಪ್ರಶ್ನೆಯನ್ನು ಹತ್ತು ವರ್ಷ ಕಳೆದ ಮೇಲೆ ಕೌಟುಂಬಿಕ ನ್ಯಾಯಾಲಯದ ಪಡಸಾಲೆಯಲ್ಲಿ ಯಾರಾದರೂ ಕೇಳಿದರೆ ನಗುವವರು ಇರುವುದಿಲ್ಲ.

‘ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ’ ಎಂದು ಸಮಾಧಾನ ಹೇಳುವ ಹಿರಿಯರಿಗೆ ಇನ್ನೊಂದು ಗಾದೆಯೂ ಗೊತ್ತು: ‘ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು’. ಉಂಡು ಮಲಗಿದರೂ ತೀರದ ಜಗಳ ನ್ಯಾಯಾಲಯದ ಮೆಟ್ಟಿಲೇರಿದಾಗ ಕೂಸು ಬಡವಾಗದಂತೆ ನೋಡಿಕೊಳ್ಳಲು ಕಾನೂನಿನಲ್ಲಿ ಏನು ಏರ್ಪಾಡಿದೆ? ಇದು ವಕೀಲರು ಮಾತ್ರ ತಿಳಿಯಬೇಕಾದ ವಿಷಯವಲ್ಲ. ತಂದೆ ತಾಯಿ ತಿಳಿದಿರಬೇಕು. ಹೈಸ್ಕೂಲು, ಕಾಲೇಜು ಓದುವ ಮಕ್ಕಳೂ ತಿಳಿದಿದ್ದರೆ ಒಳ್ಳೆಯದು. ಏಕೆಂದರೆ ವಿಚ್ಛೇದನದಿಂದ ಕಡಿಯುವುದು ಗಂಡ ಹೆಂಡಿರ ಸಂಬಂಧ ಮಾತ್ರ. ತಂದೆ ತಾಯಿ ಮಕ್ಕಳ ಸಂಬಂಧವನ್ನು ಕಡಿಯುವ ವಿಚ್ಛೇದನ ಕಾನೂನಿನಲ್ಲಿಲ್ಲ.

ದಾವಣಗೆರೆಯಲ್ಲಿ ಒಂದು ಸಂಸಾರವಿದೆ ಎಂದಿಟ್ಟುಕೊಳ್ಳಿ. ಗಂಡ ಬ್ಯಾಂಕಿನಲ್ಲಿ ಅಧಿಕಾರಿ. ಹೆಂಡತಿ ಖಾಸಗಿ ಶಾಲೆಯೊಂದರಲ್ಲಿ ಶಿಕ್ಷಕಿ. ಹತ್ತನೇ ತರಗತಿಯ ಮಗಳಿಗೆ ಹದಿನೈದು ವರ್ಷ, ಯುಕೆಜಿಗೆ ಹೋಗುವ ಮಗನಿಗೆ ನಾಲ್ಕೂವರೆ. ಗಂಡ ಹೆಂಡತಿ ಎರಡು ವರ್ಷಗಳಿಂದ ಮಾತು ಬಿಟ್ಟಿದ್ದಾರೆ. ಈಗ ಬೇರೆ ಬೇರೆ ಮನೆ ಮಾಡಿದ್ದಾರೆ. ಹಿರಿಯರ ಪಂಚಾಯಿತಿ ಮುಗಿದಿದೆ. ಮುಂದೇನು?

ಯಾರಿಗೆ ಯಾವ ಕಾನೂನು?

ಕರ್ನಾಟಕದಲ್ಲಿ ವಿಚ್ಛೇದನದ ಕಾನೂನು ದಂಪತಿಯ ಧರ್ಮವನ್ನೂ ಅವರ ಮದುವೆ ನಡೆದ ರೀತಿಯನ್ನೂ ಅವಲಂಬಿಸಿದೆ. ಹಿಂದೂ, ಬೌದ್ಧ, ಜೈನ, ಸಿಖ್ಖರಿಗೆ 1955ರ ಹಿಂದೂ ವಿವಾಹ ಕಾಯ್ದೆ ಅನ್ವಯಿಸುತ್ತದೆ. ಕ್ರೈಸ್ತರಿಗೆ 1869ರಷ್ಟು ಹಳೆಯ ವಿಚ್ಛೇದನ ಕಾಯ್ದೆಯಿದೆ. ಅದರಲ್ಲಿ ಹೆಂಡತಿಗೆ ಗಂಡನಿಗಿಂತ ಕಠಿಣವಾದ ಷರತ್ತುಗಳಿದ್ದವು. 2001ರ ತಿದ್ದುಪಡಿ ಆ ತಾರತಮ್ಯವನ್ನು ತೆಗೆದುಹಾಕಿತು. ಮುಸ್ಲಿಂ ಮಹಿಳೆ ನ್ಯಾಯಾಲಯದಿಂದ ವಿಚ್ಛೇದನ ಪಡೆಯಲು 1939ರ ಕಾಯ್ದೆ ಅವಕಾಶ ಕೊಟ್ಟಿದೆ. ಒಂದೇ ಉಸಿರಿನಲ್ಲಿ ಮೂರು ಬಾರಿ ತಲಾಖ್ ಹೇಳುವ ಪದ್ಧತಿಯನ್ನು ಸುಪ್ರೀಂ ಕೋರ್ಟು 2017ರಲ್ಲಿ ಅಸಿಂಧುಗೊಳಿಸಿತು, 2019ರ ಕಾಯ್ದೆ ಅದನ್ನು ಅಪರಾಧವೆಂದು ಸಾರಿತು. ರಿಜಿಸ್ಟರ್ ಮದುವೆ ಎಂದು ಜನ ಕರೆಯುವ, ಧರ್ಮದ ಹಂಗಿಲ್ಲದ ಮದುವೆಯಾದವರಿಗೆ 1954ರ ವಿಶೇಷ ವಿವಾಹ ಕಾಯ್ದೆಯಿದೆ.

ಗಂಡ ಹೆಂಡತಿಗೆ ಕಾನೂನುಗಳು ಹೀಗೆ ಹಲವಾದರೂ ಮಕ್ಕಳ ವಿಷಯಕ್ಕೆ ಬಂದಾಗ ಎಲ್ಲ ದಾರಿಗಳೂ ಒಂದೆಡೆ ಬಂದು ಸೇರುತ್ತವೆ. 1890ರ ಗಾರ್ಡಿಯನ್ಸ್ ಅಂಡ್ ವಾರ್ಡ್ಸ್ ಕಾಯ್ದೆ ಎಲ್ಲ ಧರ್ಮದವರಿಗೂ ಇದೆ. ಮಗುವಿನ ಹಿತ ಯಾವುದರಲ್ಲಿದೆ ಎಂಬುದೇ ಅಲ್ಲಿ ಮುಖ್ಯ ಪ್ರಶ್ನೆ.

ಎರಡು ದಾರಿ

ದಾವಣಗೆರೆಯ ದಂಪತಿಗೆ ಹಿಂದೂ ವಿವಾಹ ಕಾಯ್ದೆಯಡಿ ಎರಡು ದಾರಿಗಳಿವೆ. ಮೊದಲನೆಯದು ಹೊಡೆದಾಟದ ದಾರಿ. ಕ್ರೌರ್ಯ, ವ್ಯಭಿಚಾರ, ಎರಡು ವರ್ಷಕ್ಕೆ ಕಡಿಮೆಯಿಲ್ಲದಂತೆ ಬಿಟ್ಟುಹೋಗಿರುವುದು ಮುಂತಾದ ಕಾರಣಗಳಲ್ಲಿ ಒಂದನ್ನಾದರೂ ಒಬ್ಬರು ಹೇಳಿ, ಸಾಕ್ಷ್ಯ ಕೊಟ್ಟು ಸಾಬೀತು ಮಾಡಬೇಕು. ಇನ್ನೊಬ್ಬರು ಅಲ್ಲಗಳೆಯುತ್ತಾರೆ. ಪಾಟೀಸವಾಲು, ಮುದ್ದತ್ತು, ಮೇಲ್ಮನವಿ ಎಂದು ವರ್ಷಗಳೇ ಉರುಳಬಹುದು. ಯುಕೆಜಿಯ ಹುಡುಗ ಆ ಹೊತ್ತಿಗೆ ಮಾಧ್ಯಮಿಕ ಶಾಲೆ ಸೇರಿರುತ್ತಾನೆ.

ಎರಡನೆಯದು ಪರಸ್ಪರ ಸಮ್ಮತಿಯ ದಾರಿ. 1976ರ ತಿದ್ದುಪಡಿಯಿಂದ ಬಂದದ್ದು. ಒಂದು ವರ್ಷವಾದರೂ ಬೇರೆಯಾಗಿ ಬಾಳಿದ ದಂಪತಿ ಒಟ್ಟಾಗಿ ಅರ್ಜಿ ಹಾಕಬಹುದು. ಆಮೇಲೆ ಆರು ತಿಂಗಳು ಕಾಯಬೇಕು. ಕೋಪ ತಣಿದು ಮನಸ್ಸು ಬದಲಾದೀತು ಎಂಬ ಆಸೆ ಕಾನೂನಿಗೂ ಇದೆ. ಆದರೆ ಕೂಡಿಬಾಳುವ ಸಾಧ್ಯತೆಯೇ ಇಲ್ಲದ ಕಡೆ ಈ ಅವಧಿಯನ್ನು ನ್ಯಾಯಾಲಯ ಮನ್ನಿಸಬಹುದು ಎಂದು ಸುಪ್ರೀಂ ಕೋರ್ಟು 2017ರಲ್ಲಿ ಅಮರ್‌ದೀಪ್ ಸಿಂಗ್ ಪ್ರಕರಣದಲ್ಲಿ ಹೇಳಿತು. ಅದಕ್ಕೆ ಹಾಕಿದ ಷರತ್ತುಗಳಲ್ಲಿ ಒಂದನ್ನು ತಂದೆ ತಾಯಿ ಗಮನಿಸಬೇಕು: ಜೀವನಾಂಶದ ಜೊತೆಗೆ ಮಕ್ಕಳ ಸುಪರ್ದಿಯ ಪ್ರಶ್ನೆಯನ್ನೂ ದಂಪತಿ ನಿಜವಾಗಿ ಬಗೆಹರಿಸಿಕೊಂಡಿರಬೇಕು. ಮಕ್ಕಳ ಲೆಕ್ಕ ಚುಕ್ತಾ ಆಗದೆ ಅವಸರದ ಬಿಡುಗಡೆ ಸಿಗುವುದಿಲ್ಲ.

‘ಮದುವೆ ಮುರಿದುಬಿದ್ದಿದೆ, ಇನ್ನು ಕೂಡಿಸಲಾಗದು’ ಎಂಬ ಕಾರಣವೊಂದನ್ನೇ ಹೇಳಿ ಕೌಟುಂಬಿಕ ನ್ಯಾಯಾಲಯದಲ್ಲಿ ವಿಚ್ಛೇದನ ಕೇಳಲು ಬರುವುದಿಲ್ಲ. ಸಂವಿಧಾನದ 142ನೇ ವಿಧಿಯ ವಿಶೇಷ ಅಧಿಕಾರದಿಂದ ಸುಪ್ರೀಂ ಕೋರ್ಟು ಮಾತ್ರ ಹಾಗೆ ಮಾಡಬಲ್ಲದು ಎಂದು 2023ರಲ್ಲಿ ಐವರು ನ್ಯಾಯಮೂರ್ತಿಗಳ ಪೀಠ ತೀರ್ಮಾನಿಸಿತು. ಅಲ್ಲಿಯೂ ಮಕ್ಕಳಿದ್ದಾರೆಯೇ, ಅವರ ವಯಸ್ಸೆಷ್ಟು, ಓದು ಎಲ್ಲಿಗೆ ಬಂದಿದೆ ಎಂಬುದನ್ನು ನೋಡಬೇಕೆಂದು ಪೀಠ ಹೇಳಿದೆ.

ದಾರಿ ಯಾವುದೇ ಆದರೂ ಮೊದಲ ನಿಲ್ದಾಣ ರಾಜಿ ಸಂಧಾನ. 1984ರ ಕೌಟುಂಬಿಕ ನ್ಯಾಯಾಲಯಗಳ ಕಾಯ್ದೆಯ ಪ್ರಕಾರ ರಾಜಿಗೆ ಪ್ರಯತ್ನಿಸುವುದು ನ್ಯಾಯಾಧೀಶರ ಕರ್ತವ್ಯ. ಇಬ್ಬರಲ್ಲಿ ಯಾರಾದರೊಬ್ಬರು ಬಯಸಿದರೆ ವಿಚಾರಣೆಯನ್ನು ಮುಚ್ಚಿದ ಬಾಗಿಲ ಹಿಂದೆ ನಡೆಸಬೇಕು. ಬೆಂಗಳೂರಿನಲ್ಲಿ 2007ರಲ್ಲಿ ಮಧ್ಯಸ್ಥಿಕೆ ಕೇಂದ್ರ ಆರಂಭವಾಯಿತು. ಮಧ್ಯಸ್ಥಿಕೆ ಎಂದರೆ ಮುರಿದ ಮನೆಯನ್ನು ಬಲವಂತವಾಗಿ ಕೂಡಿಸುವುದಲ್ಲ. ಬೇರೆಯಾಗಲೇಬೇಕಾದರೆ ಮಕ್ಕಳ ಮೈಮೇಲೆ ಗಾಯವಾಗದಂತೆ ಬೇರೆಯಾಗುವುದು ಹೇಗೆ ಎಂದು ಕೂತು ಮಾತಾಡುವುದೂ ಅದರಲ್ಲಿ ಸೇರಿದೆ.

ಮಗು ಯಾರ ಬಳಿ?

ಬಹಳ ಮಂದಿಯಲ್ಲಿ ಎರಡು ತಪ್ಪು ನಂಬಿಕೆಗಳಿವೆ. ‘ಮಕ್ಕಳು ಅಪ್ಪನ ವಂಶದವರು, ಕಾನೂನಿನಂತೆ ಅಪ್ಪನಿಗೇ ಸೇರಬೇಕು’ ಎನ್ನುವುದು ಒಂದು. ‘ಕೋರ್ಟು ಯಾವಾಗಲೂ ತಾಯಿಯ ಪರ’ ಎನ್ನುವುದು ಇನ್ನೊಂದು. ಎರಡೂ ಪೂರ್ತಿ ನಿಜವಲ್ಲ.

1956ರ ಹಿಂದೂ ಅಪ್ರಾಪ್ತ ವಯಸ್ಕರ ಮತ್ತು ಪೋಷಕತ್ವ ಕಾಯ್ದೆಯಲ್ಲಿ ಸಹಜ ಪೋಷಕ ಎಂದರೆ ತಂದೆ, ಅವನ ‘ನಂತರ’ ತಾಯಿ ಎಂದಿದೆ. ಲೇಖಕಿ ಗೀತಾ ಹರಿಹರನ್ ಅವರು ಮಗನ ಹೆಸರಿನಲ್ಲಿ ಬಾಂಡ್ ಕೊಳ್ಳಲು ತಾವೇ ಪೋಷಕಿಯಾಗಿ ಸಹಿ ಹಾಕಿದಾಗ, ತಂದೆಯ ಸಹಿ ಬೇಕೆಂಬ ಉತ್ತರ ಬಂತು. ಅವರು ಅದನ್ನು ಪ್ರಶ್ನಿಸಿದರು. 1999ರಲ್ಲಿ ಸುಪ್ರೀಂ ಕೋರ್ಟು ಆ ‘ನಂತರ’ ಎಂಬ ಪದಕ್ಕೆ ತಂದೆ ಸತ್ತ ನಂತರ ಎಂದು ಅರ್ಥ ಮಾಡಬೇಕಾಗಿಲ್ಲ ಎಂದಿತು. ತಂದೆ ಮಗುವಿನ ಹೊಣೆ ಹೊರದಿದ್ದರೆ, ದೂರವಿದ್ದರೆ ತಾಯಿಯೇ ಸಹಜ ಪೋಷಕಿ. ಒಂದು ಪದದ ಅರ್ಥ ಬದಲಾದದ್ದರಿಂದ ಎಷ್ಟೋ ತಾಯಂದಿರ ಸಹಿಗೆ ಬೆಲೆ ಬಂತು.

ಅದೇ ಕಾಯ್ದೆ ಐದು ವರ್ಷ ತುಂಬದ ಮಗು ಸಾಮಾನ್ಯವಾಗಿ ತಾಯಿಯ ಬಳಿ ಇರಬೇಕು ಎನ್ನುತ್ತದೆ. ಆದ್ದರಿಂದ ದಾವಣಗೆರೆಯ ನಾಲ್ಕೂವರೆ ವರ್ಷದ ಹುಡುಗ ಈಗ ತಾಯಿಯ ಬಳಿ ಇರುವ ಸಂಭವವೇ ಹೆಚ್ಚು. ಹಾಗೆಂದು ಐದು ತುಂಬಿದ ಮರುದಿನ ತಂದೆ ಬಂದು ಎತ್ತಿಕೊಂಡು ಹೋಗಲು ಬರುವುದಿಲ್ಲ. ಆಮೇಲೂ ನೋಡುವುದು ಮಗುವಿನ ಹಿತವನ್ನೇ. ಹಿತವೆಂದರೆ ಹಣವೊಂದೇ ಅಲ್ಲ. ಯಾರ ಸಂಬಳ ದೊಡ್ಡದು ಎಂಬುದಕ್ಕಿಂತ ಮಗುವಿನ ಶಾಲೆ, ಆರೋಗ್ಯ, ಅಭ್ಯಾಸವಾದ ಮನೆ, ಜೊತೆಗಿರುವ ಅಜ್ಜಿ ತಾತ, ಒಡಹುಟ್ಟಿದವರು, ಜ್ವರ ಬಂದಾಗ ರಾತ್ರಿ ಎದ್ದು ಕೂರುವವರು ಯಾರು ಎಂಬುದಕ್ಕೆ ಹೆಚ್ಚು ತೂಕವಿದೆ. ಮಕ್ಕಳು ತಂದೆ ತಾಯಿಯ ಸ್ವತ್ತೂ ಅಲ್ಲ, ಆಟಿಕೆಯೂ ಅಲ್ಲ ಎಂಬ ಅರ್ಥದ ಮಾತನ್ನು ಸುಪ್ರೀಂ ಕೋರ್ಟು 1973ರಷ್ಟು ಹಿಂದೆಯೇ ರೋಸಿ ಜೇಕಬ್ ಪ್ರಕರಣದಲ್ಲಿ ಆಡಿತ್ತು. ಪಾತ್ರೆ ಪಗಡೆಯಂತೆ ಹಂಚಿಕೊಳ್ಳಲು ಮಕ್ಕಳು ಬರುವುದಿಲ್ಲ.

ಸುಪರ್ದಿಯ ಆದೇಶ ಕಲ್ಲಿನ ಮೇಲಿನ ಶಾಸನವೂ ಅಲ್ಲ. ಮಗು ಬೆಳೆದಂತೆ, ಪರಿಸ್ಥಿತಿ ಬದಲಾದಂತೆ ಅದನ್ನು ಮಾರ್ಪಡಿಸುವಂತೆ ಕೇಳಬಹುದು.

ಮಗಳ ಮಾತಿಗೆ ಬೆಲೆಯುಂಟೆ?

ಹತ್ತನೇ ತರಗತಿಯ ಹುಡುಗಿಗೆ ಈ ಪ್ರಶ್ನೆ ಬಂದೇ ಬರುತ್ತದೆ. ‘ಎಲ್ಲಾ ನೀವೇ ತೀರ್ಮಾನ ಮಾಡ್ತೀರಿ, ನನ್ನನ್ನ ಯಾರೂ ಕೇಳೋದಿಲ್ವಾ?’ ಕೇಳುತ್ತಾರೆ. ಬುದ್ಧಿ ಬಲಿತು ತನ್ನ ಇಷ್ಟವನ್ನು ಹೇಳಬಲ್ಲ ಮಗುವಿನ ಅಭಿಪ್ರಾಯವನ್ನು ನ್ಯಾಯಾಲಯ ಪರಿಗಣಿಸಬಹುದು ಎಂದು 1890ರ ಕಾಯ್ದೆಯೇ ಹೇಳುತ್ತದೆ. ಹಿಂದೂ ವಿವಾಹ ಕಾಯ್ದೆಯ 26ನೇ ಸೆಕ್ಷನ್ ಮಕ್ಕಳ ಸುಪರ್ದಿ, ಪೋಷಣೆ, ವಿದ್ಯಾಭ್ಯಾಸದ ಆದೇಶಗಳು ಸಾಧ್ಯವಾದ ಕಡೆಯೆಲ್ಲ ಮಕ್ಕಳ ಇಚ್ಛೆಗೆ ಹೊಂದಿಕೆಯಾಗಿರಬೇಕು ಎನ್ನುತ್ತದೆ. ನ್ಯಾಯಾಧೀಶರು ಮಕ್ಕಳನ್ನು ಕಟಕಟೆಗೆ ಹತ್ತಿಸದೆ ತಮ್ಮ ಕೊಠಡಿಗೆ ಕರೆದು, ಓದು, ಗೆಳತಿಯರು, ಆಟ ಎಂದು ಮಾತಿಗೆಳೆದು ಮನಸ್ಸನ್ನು ಅರಿಯುವುದುಂಟು.

ಆದರೆ ಮಗುವಿನ ಮಾತೇ ಕೊನೆಯ ತೀರ್ಪಲ್ಲ. ಅದಕ್ಕೆ ಕಾರಣವಿದೆ. ‘ಅಮ್ಮ ಕೆಟ್ಟವಳು’, ‘ಅಪ್ಪನಿಗೆ ನೀನು ಬೇಡ’ ಎಂದು ದಿನವೂ ಕಿವಿಗೆ ಊದಿದರೆ ಮಗು ಅದನ್ನೇ ತನ್ನ ಮಾತೆಂದು ಒಪ್ಪಿಸುತ್ತದೆ. 2017ರ ಒಂದು ತೀರ್ಪಿನಲ್ಲಿ ಸುಪ್ರೀಂ ಕೋರ್ಟು ಹೀಗೆ ಮಗುವಿನ ಮನಸ್ಸನ್ನು ಹೆತ್ತವರಲ್ಲಿ ಒಬ್ಬರ ವಿರುದ್ಧ ತಿರುಗಿಸುವುದರ ಕೆಡುಕನ್ನು ವಿವರಿಸಿದೆ. ಹೇಳಿಕೊಟ್ಟ ಮಾತು ಯಾವುದು, ಒಳಗಿನಿಂದ ಬಂದ ಮಾತು ಯಾವುದು ಎಂದು ಅನುಭವಿ ನ್ಯಾಯಾಧೀಶರು ಬಿಡಿಸಿ ನೋಡುತ್ತಾರೆ. ಹಾಗಾಗಿ ಹುಡುಗಿ ಇಬ್ಬರಲ್ಲಿ ಒಬ್ಬರನ್ನು ಗೆಲ್ಲಿಸುವ ಹೊಣೆಯನ್ನು ತನ್ನ ತಲೆಯ ಮೇಲೆ ಹೊರಬೇಕಾಗಿಲ್ಲ. ತನಗೆ ಅನಿಸಿದ್ದನ್ನು ಹೇಳಿದರೆ ಸಾಕು. ತೀರ್ಮಾನದ ಭಾರ ನ್ಯಾಯಾಧೀಶರದು.

ಭಾನುವಾರದ ಅಪ್ಪ

ಮಕ್ಕಳು ತಾಯಿಯ ಬಳಿ ಉಳಿದರೆ ತಂದೆಗೆ ಭೇಟಿಯ ಹಕ್ಕು ಇರುತ್ತದೆ. ತಂದೆಯ ಬಳಿ ಉಳಿದರೆ ತಾಯಿಗೆ. ವಾರಾಂತ್ಯ, ಹುಟ್ಟಿದ ಹಬ್ಬ, ದಸರಾ ರಜೆಯ ಅರ್ಧ, ಬೇಸಿಗೆ ರಜೆಯ ಅರ್ಧ ಹೀಗೆ ದಿನಗಳನ್ನು ಆದೇಶದಲ್ಲೇ ನಮೂದಿಸಬಹುದು. ದೂರದೂರಿನಲ್ಲಿ, ಹೊರದೇಶದಲ್ಲಿ ಇರುವವರು ಏನು ಮಾಡಬೇಕು? 2020ರಲ್ಲಿ ಯಶಿತಾ ಸಾಹು ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಭೇಟಿಯ ಹಕ್ಕಿನ ಜೊತೆಗೆ ಸಂಪರ್ಕದ ಹಕ್ಕನ್ನೂ ಎತ್ತಿ ಹೇಳಿತು. ಮಗು ಬಳಿಯಿಲ್ಲದ ತಂದೆ ಅಥವಾ ತಾಯಿಗೆ ದಿನಕ್ಕೆ ಐದು ಹತ್ತು ನಿಮಿಷವಾದರೂ ಫೋನಿನಲ್ಲಿ, ವಿಡಿಯೋ ಕರೆಯಲ್ಲಿ ಮಾತಾಡುವ ಅವಕಾಶ ಇರಬೇಕೆಂಬುದು ಅದರ ಆಶಯ. ಅಮೆರಿಕದಲ್ಲೋ ದುಬೈಯಲ್ಲೋ ದುಡಿಯುವ ಕನ್ನಡಿಗ ತಂದೆಗೂ ಇದು ಅನ್ವಯಿಸುವ ಮಾತೇ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ‘ದುಡ್ಡು ಕೊಡದವನಿಗೆ ಮಗು ತೋರಿಸುವುದಿಲ್ಲ’ ಎಂದು ತಾಯಿ ಹಟ ಹಿಡಿಯುವುದೂ, ‘ಮಗು ತೋರಿಸದವಳಿಗೆ ದುಡ್ಡಿಲ್ಲ’ ಎಂದು ತಂದೆ ಕೈ ಬಿಗಿಹಿಡಿಯುವುದೂ ತಪ್ಪು. ಭೇಟಿಯೂ ಪೋಷಣೆಯ ಹಣವೂ ವ್ಯಾಪಾರದ ತಕ್ಕಡಿಯ ಎರಡು ತಟ್ಟೆಗಳಲ್ಲ. ಎರಡೂ ಮಗುವಿಗೆ ಸಲ್ಲಬೇಕಾದವು. ಒಂದರಲ್ಲಿ ಅನ್ಯಾಯವಾದರೆ ಅದಕ್ಕೆ ಪ್ರತ್ಯೇಕವಾಗಿ ನ್ಯಾಯಾಲಯಕ್ಕೆ ಹೋಗಬಹುದು.

ಫೀಸು ಯಾರು ಕಟ್ಟಬೇಕು?

ಸಂಸಾರ ಒಡೆದಾಗ ಮೊದಲು ಬಾಗಿಲು ತಟ್ಟುವುದು ಶಾಲೆಯ ಫೀಸಿನ ಚೀಟಿ. ವಿಚ್ಛೇದನದ ಮೊಕದ್ದಮೆ ಮುಗಿಯುವವರೆಗೆ ಕಾಯಬೇಕಾಗಿಲ್ಲ. ಮಕ್ಕಳ ಪೋಷಣೆ, ವಿದ್ಯಾಭ್ಯಾಸಕ್ಕಾಗಿ ಹಾಕಿದ ಮಧ್ಯಂತರ ಅರ್ಜಿಯನ್ನು, ಎದುರು ಪಕ್ಷಕ್ಕೆ ನೋಟಿಸು ತಲುಪಿದ 60 ದಿನಗಳೊಳಗೆ ಸಾಧ್ಯವಾದಷ್ಟು ಮಟ್ಟಿಗೆ ಇತ್ಯರ್ಥ ಮಾಡಬೇಕೆಂದು 2001ರ ತಿದ್ದುಪಡಿ ಹೇಳುತ್ತದೆ. ಮೊದಲು ದಂಡ ಪ್ರಕ್ರಿಯಾ ಸಂಹಿತೆಯ 125ನೇ ಸೆಕ್ಷನ್ ಎಂದು ಹೆಸರಾಗಿದ್ದ ಜೀವನಾಂಶದ ಕಾನೂನು 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಸೆಕ್ಷನ್ ಆಗಿದೆ. ಇದಕ್ಕೆ ಧರ್ಮದ ಭೇದವಿಲ್ಲ. ವಿಚ್ಛೇದಿತ ಮುಸ್ಲಿಂ ದಂಪತಿಯ ಮಕ್ಕಳಿಗೂ ಈ ಹಕ್ಕು ಇದೆಯೆಂದು 1997ರಲ್ಲೇ ಸುಪ್ರೀಂ ಕೋರ್ಟು ನೂರ್ ಸಬಾ ಖಾತೂನ್ ಪ್ರಕರಣದಲ್ಲಿ ತೀರ್ಮಾನಿಸಿದೆ.

ಗಂಡ ಆದಾಯ ಮುಚ್ಚಿಟ್ಟರೆ? ಹೆಂಡತಿ ತನ್ನ ಸಂಬಳ ಹೇಳದಿದ್ದರೆ? 2020ರ ರಜನೀಶ್ ವಿರುದ್ಧ ನೇಹಾ ತೀರ್ಪಿನ ಬಳಿಕ ಇಬ್ಬರೂ ತಮ್ಮ ಆದಾಯ, ಆಸ್ತಿ, ಸಾಲಗಳ ವಿವರವನ್ನು ಪ್ರಮಾಣಪತ್ರದ ಮೂಲಕ ಸಲ್ಲಿಸಬೇಕು. ಮಕ್ಕಳ ಖರ್ಚೆಂದರೆ ಊಟ, ಬಟ್ಟೆ, ಮನೆ, ಔಷಧಿ, ಓದು; ಟ್ಯೂಷನ್ನಿನಂತಹ ವೆಚ್ಚವನ್ನೂ ಪರಿಗಣಿಸಬಹುದು. ವಿದ್ಯಾಭ್ಯಾಸದ ಖರ್ಚನ್ನು ಸಾಮಾನ್ಯವಾಗಿ ತಂದೆ ಹೊರಬೇಕು, ತಾಯಿಯೂ ಚೆನ್ನಾಗಿ ಗಳಿಸುತ್ತಿದ್ದರೆ ಇಬ್ಬರೂ ಗಳಿಕೆಗೆ ತಕ್ಕಂತೆ ಹಂಚಿಕೊಳ್ಳಬಹುದು ಎಂಬುದು ಆ ತೀರ್ಪಿನ ಸಾರ. ‘ಮಕ್ಕಳಿಗೆ ಏನೂ ಬೇಡ’ ಎಂದು ತಾಯಿ ರಾಜಿಪತ್ರದಲ್ಲಿ ಬರೆದುಕೊಟ್ಟ ಮಾತ್ರಕ್ಕೆ ಮಕ್ಕಳ ಹಕ್ಕು ಅಳಿದುಹೋಗುವುದಿಲ್ಲ. ಅದು ಅವಳು ಬಿಟ್ಟುಕೊಡಬಹುದಾದ ಹಕ್ಕೇ ಅಲ್ಲ.

ಆದರೆ ಕಾನೂನಿನ ಒಂದು ಕೊರತೆಯನ್ನು ತಂದೆ ತಾಯಿ ಮರೆಯಬಾರದು. ಹದಿನೆಂಟು ತುಂಬಿದ ದಿನ ಮಗು ಪ್ರಾಪ್ತ ವಯಸ್ಕ. ಪಿಯುಸಿ ಮುಗಿದು ಎಂಜಿನಿಯರಿಂಗೋ ವೈದ್ಯಕೀಯವೋ ದಾಖಲಾಗುವ, ಖರ್ಚು ಏಕಾಏಕಿ ಏರುವ ಹೊತ್ತೂ ಅದೇ! ಹಿಂದೂ ದತ್ತಕ ಮತ್ತು ಜೀವನಾಂಶ ಕಾಯ್ದೆಯ ಪ್ರಕಾರ, ಸ್ವಂತ ಆದಾಯವಿಲ್ಲದ ಮಗಳಿಗೆ ಮದುವೆಯಾಗುವವರೆಗೂ ಜೀವನಾಂಶದ ಹಕ್ಕಿದೆ. ಇದನ್ನು ಸುಪ್ರೀಂ ಕೋರ್ಟು 2020ರ ಅಭಿಲಾಷಾ ಪ್ರಕರಣದಲ್ಲಿ ಎತ್ತಿಹಿಡಿಯಿತು. ಮಗನಿಗೆ ಅಷ್ಟು ಸ್ಪಷ್ಟವಾದ ಆಸರೆ ಕಾಯ್ದೆಯಲ್ಲಿಲ್ಲ. ಪದವಿ ಮುಗಿಯುವವರೆಗೂ ಕೊಡುವಂತೆ ನ್ಯಾಯಾಲಯಗಳು ಹೇಳಿದ ಪ್ರಸಂಗಗಳುಂಟು, ಆದರೆ ಅದನ್ನೇ ನಂಬಿ ಕೂರುವಂತಿಲ್ಲ. ಆದ್ದರಿಂದ ಸಮ್ಮತಿಯ ವಿಚ್ಛೇದನದ ಒಪ್ಪಂದದಲ್ಲೇ ‘ಕಾಲೇಜು ಓದು ಮುಗಿಯುವವರೆಗೆ ಫೀಸು, ಹಾಸ್ಟೆಲು ಖರ್ಚು ಯಾರದು, ಎಷ್ಟು ಪಾಲು’ ಎಂದು ಬಿಡಿಸಿ ಬರೆಯುವುದು ಜಾಣತನ. ಇಂದು ನಾಲ್ಕೂವರೆ ವರ್ಷದ ಹುಡುಗನಿಗೆ ಹದಿಮೂರು ವರ್ಷಗಳ ನಂತರ ಆ ಒಂದು ಸಾಲು ದೊಡ್ಡ ಆಸ್ತಿಯಾದೀತು.

ಆಸ್ತಿ ಮತ್ತು ಹೆಸರು

ವಿಚ್ಛೇದನವಾದ ಮೇಲೆ ಗಂಡನ ಆಸ್ತಿಗೆ ಹೆಂಡತಿ ವಾರಸುದಾರಳಲ್ಲ, ಹೆಂಡತಿಯ ಆಸ್ತಿಗೆ ಗಂಡ ವಾರಸುದಾರನಲ್ಲ. ಆದರೆ ಮಕ್ಕಳು ಇಬ್ಬರಿಗೂ ವಾರಸುದಾರರೇ. ತಂದೆ ಇನ್ನೊಂದು ಮದುವೆಯಾಗಿ ಅಲ್ಲಿ ಮಕ್ಕಳಾದರೂ ಮೊದಲ ಮಕ್ಕಳ ಸ್ಥಾನ ಅಳಿಯದು. ಪಿತ್ರಾರ್ಜಿತ ಆಸ್ತಿಯಲ್ಲಿ ಮಗನಂತೆ ಮಗಳಿಗೂ ಹುಟ್ಟಿನಿಂದಲೇ ಹಕ್ಕಿದೆ. ಕರ್ನಾಟಕ ಈ ವಿಷಯದಲ್ಲಿ ಮುಂದಿತ್ತು. ಇಲ್ಲಿನ ತಿದ್ದುಪಡಿ 1994ರಲ್ಲೇ ಜಾರಿಗೆ ಬಂತು. ಇಡೀ ದೇಶಕ್ಕೆ ಅಂಥ ಹಕ್ಕು ಬಂದದ್ದು 2005ರಲ್ಲಿ. ಆದರೆ ತಂದೆ ಸ್ವಂತ ದುಡಿಮೆಯಿಂದ ಗಳಿಸಿದ ಆಸ್ತಿಯನ್ನು ತನಗೆ ಬೇಕಾದವರಿಗೆ ಉಯಿಲು ಬರೆಯಬಹುದು ಎಂಬುದೂ ನೆನಪಿರಲಿ.

ಪಾಸ್‌ಪೋರ್ಟ್ ಅರ್ಜಿಯಲ್ಲಿ ತಂದೆ ತಾಯಿ ಇಬ್ಬರ ಹೆಸರೂ ಇರಲೇಬೇಕೆಂಬ ಕಟ್ಟುಪಾಡನ್ನು 2016ರ ಡಿಸೆಂಬರಿನಲ್ಲಿ ಸಡಿಲಿಸಲಾಯಿತು. ಒಬ್ಬರ ಹೆಸರು ಕೊಟ್ಟರೂ ಸಾಕು.

ಮೊಕದ್ದಮೆಗೆ ಹಣವಿಲ್ಲ ಎನ್ನುವವರಿಗೂ ದಾರಿಯಿದೆ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಡಿ ಮಹಿಳೆಯರಿಗೂ ಮಕ್ಕಳಿಗೂ, ಆದಾಯ ಎಷ್ಟೇ ಇದ್ದರೂ, ಉಚಿತ ಕಾನೂನು ನೆರವು ಸಿಗುತ್ತದೆ. ಜಿಲ್ಲಾ ಪ್ರಾಧಿಕಾರ ಮತ್ತು ತಾಲ್ಲೂಕು ಸಮಿತಿಗಳಲ್ಲಿ ವಿಚಾರಿಸಬಹುದು. 15100 ಸಂಖ್ಯೆಗೆ ಫೋನ್ ಮಾಡಬಹುದು. ಮನೆಯ ಜಗಳದಲ್ಲಿ ಹೊಡೆತ ಬಡಿತಕ್ಕೆ, ಭಯಕ್ಕೆ ಸಿಕ್ಕಿದ ಮಕ್ಕಳು ತಾವೇ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಬಹುದು.

ಕಾನೂನು ಮಾಡಲಾಗದ್ದು

ಇಷ್ಟೆಲ್ಲ ಇದ್ದರೂ ಕಾನೂನಿನ ಕೈ ಮುಟ್ಟದ ಜಾಗಗಳಿವೆ. ಭಾನುವಾರ ಹತ್ತು ಗಂಟೆಗೆ ಮಗುವನ್ನು ತಂದೆಗೆ ಒಪ್ಪಿಸಬೇಕೆಂದು ಆದೇಶ ಹೇಳಬಹುದು. ಒಪ್ಪಿಸುವಾಗ ತಾಯಿ ಮುಖ ಗಂಟಿಕ್ಕಬಾರದೆಂದು ಹೇಳಲಾರದು. ತಿಂಗಳ ಐದನೇ ತಾರೀಕಿಗೆ ಹಣ ಕಟ್ಟಬೇಕೆಂದು ತಂದೆಗೆ ಹೇಳಬಹುದು. ಕಟ್ಟಿದ್ದನ್ನು ಮಗಳ ಮುಂದೆ ಎಣಿಸಿ ಆಡಬಾರದೆಂದು ಹೇಳಲಾರದು. ಎಸ್ಸೆಸ್ಸೆಲ್ಸಿ ಪರೀಕ್ಷೆಯ ಹಿಂದಿನ ರಾತ್ರಿ ವಕೀಲರ ನೋಟಿಸನ್ನು ಮೇಜಿನ ಮೇಲೆ ಬಿಡಬಾರದು ಎಂಬುದಕ್ಕೆ ಯಾವ ಸೆಕ್ಷನ್ನೂ ಇಲ್ಲ. ಅಲ್ಲಿ ತಂದೆ ತಾಯಿಯ ವಿವೇಕವೇ ಕಾನೂನು.

ಮಕ್ಕಳೂ ಒಂದು ಮಾತನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಅಪ್ಪ ಅಮ್ಮ ಬೇರೆಯಾಗುವುದು ಮಕ್ಕಳ ತಪ್ಪಿನಿಂದಲ್ಲ, ಅದನ್ನು ಸರಿಪಡಿಸುವ ಹೊಣೆ ಅವರದೂ ಅಲ್ಲ. ನಾಚಿಕೆಪಡುವಂಥದ್ದು ಅದರಲ್ಲಿ ಏನೂ ಇಲ್ಲ. ನಂಬಿಕೆಯ ಶಿಕ್ಷಕಿಗೋ ಅಜ್ಜಿಗೋ ಹೇಳಿಕೊಂಡರೆ ಭಾರ ಕಡಿಮೆಯಾದೀತು.

ದಾವಣಗೆರೆಯ ಹುಡುಗಿಯನ್ನು ನಾಳೆ ನ್ಯಾಯಾಧೀಶರ ಕೊಠಡಿಯಲ್ಲಿ ಕೇಳಿದರೆ, ಅವಳು ಯಾರ ಮನೆಯಲ್ಲಿ ಇರುತ್ತೇನೆ ಎಂದು ಹೇಳಬಹುದು; ಓದಿಗೆ ಒಂದು ಮನೆ ಬೇಕಲ್ಲ. ಆದರೆ ಅಪ್ಪ ಬೇಕೋ ಅಮ್ಮ ಬೇಕೋ ಎಂಬ ಪ್ರಶ್ನೆಗೆ ನೆಂಟರ ತೊಡೆಯ ಮೇಲೆ ಕೂತಿದ್ದಾಗ ಕೊಟ್ಟ ಉತ್ತರವನ್ನು ಅವಳು ಬದಲಿಸಬೇಕಾಗಿಲ್ಲ. ಇಬ್ಬರೂ ಬೇಕು. ಕಾನೂನು ಹೇಳುವುದೂ ಅದನ್ನೇ.